ಅಪ್‌ಡೇಟ್: ಸೇಫ್ಟಿ ವಾಲ್ವ್ ಬಡಿತ ನಿಂತಿತು
ಕಾರವಾರದ ನಮ್ಮ ಪ್ಲಾಂಟಿನ ಏರ್ ರಿಸೀವರಿನ (ಒತ್ತಿದ ಗಾಳಿ ತುಂಬಿಡುವ ಟ್ಯಾಂಕು) ಸೇಫ್ಟಿ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಗಾಳಿ ಬಿಡುವ ವಾಲ್ವ್, ತೆರೆದಾಗೆಲ್ಲ ಪಟಪಟ ಬಡಿಯುತ್ತದೆ ಅಂತ ಕೇಳಿದ್ದೆನಲ್ಲ, ಈಗ ಸರಿಯಾಯಿತು. ಸೀಟ್ ಲ್ಯಾಪಿಂಗ್ (ವಾಲ್ವ್ ಮುಚ್ಚಿ ಕೂರುವ ಮುಖವನ್ನು ಉಜ್ಜಿ ನಯ ಮಾಡುವುದು) ಮಾಡಿಸಿದರೂ ಮತ್ತೆ ಅದೇ ಗಲಾಟೆ. ಸ್ಪ್ರಿಂಗ್ ಬಿಗಿ ಮಾಡಿ ಅಂದವರ ಮಾತು ಕೇಳಲೇ ಇಲ್ಲ. ಹಾಗೆ ಸೆಟ್ ಪ್ರೆಶರ್ (ವಾಲ್ವ್ ತೆರೆಯುವ ಒತ್ತಡ) ಏರಿಸಿದರೆ ರಿಸೀವರಿಗೆ ರಕ್ಷಣೆ ಎಲ್ಲಿ ಉಳಿಯುತ್ತದೆ, ಅಲ್ವಾ?

ಇನ್‌ಲೆಟ್ ಪೈಪ್ (ರಿಸೀವರಿನಿಂದ ವಾಲ್ವಿಗೆ ಬರುವ ಪೈಪು) ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ವಾಲ್ವಿನ ಬಾಯಿಗಿಂತ ಸಣ್ಣ ಪೈಪು, ಅದರಲ್ಲಿ ಬೆಂಡ್ ಬೇರೆ. ಗಾಳಿ ಹೊರಬೀಳುವಾಗ ಅಲ್ಲಿ ಇಳಿಯುವ ಒತ್ತಡ ಸೆಟ್ ಪ್ರೆಶರಿನ ಶೇ 3 ದಾಟಬಾರದಂತೆ, ಲೆಕ್ಕ ಹಾಕಿದರೆ ನಮ್ಮದು ಜಾಸ್ತಿಯೇ ಇತ್ತು. ಅದಕ್ಕೇ ತೆರೆದ ಕೂಡಲೇ ಒತ್ತಡ ಕುಸಿದು ವಾಲ್ವ್ ಮುಚ್ಚುತ್ತಿತ್ತು, ಮತ್ತೆ ಒತ್ತಡ ಏರಿ ತೆರೆಯುತ್ತಿತ್ತು. ಪ್ಲಾಂಟ್ ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿ, ವಾಲ್ವನ್ನು ನೇರವಾಗಿ ರಿಸೀವರಿನ ನಾಝಲ್ (ಟ್ಯಾಂಕಿನಿಂದ ಗಾಳಿ ಹೊರಬರುವ ಬಾಯಿ) ಮೇಲೇ ಕೂರಿಸಿದೆವು.

ಬಿಚ್ಚಿದಾಗ ಇನ್ನೊಂದು ಕಂಡಿತು: ಔಟ್‌ಲೆಟ್ ಪೈಪಿನ ಡ್ರೇನ್ ತೂತು ಉಪ್ಪುಗಾಳಿಯ ತುಕ್ಕಿಗೆ ಮುಚ್ಚಿಹೋಗಿ, ಮಳೆನೀರು ಒಳಗೇ ನಿಂತಿತ್ತು. ಸಮುದ್ರದ ಹತ್ತಿರ ಇರುವವರು ಅದನ್ನೂ ನೋಡಿ.