ಟೆಂಡರ್ ವೋಟ್, ಚಾಲೆಂಜ್ ವೋಟ್: ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾರವಾರದ ಬೈತಖೋಲ್, ಮಾಜಾಳಿ ಕಡೆಯ ಮೀನುಗಾರರ ಕೇರಿಗಳಲ್ಲಿ ಹಂಚುವುದಕ್ಕೆ ನಾವು ಕೆಲವರು ಸೇರಿ ಒಂದು ಹಾಳೆ ಬರೆಯುತ್ತಿದ್ದೇವೆ. ಮತಗಟ್ಟೆಯಲ್ಲಿ ಏನಾದರೂ ಎಡವಟ್ಟಾದರೆ ಏನು ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದಷ್ಟೇ ಅದರಲ್ಲಿದೆ. ಹೆಚ್ಚಿನ ಪದಗಳಿಗೆ ತೊಂದರೆ ಆಗಲಿಲ್ಲ. ಮತಗಟ್ಟೆ, ಮತಯಂತ್ರ, ಅಣಕು ಮತದಾನ, ಠೇವಣಿ ಎಲ್ಲ ಜನರಿಗೆ ಗೊತ್ತು. ವಿವಿಪ್ಯಾಟ್ ಅಂದರೆ ತಿಳಿಯದವರಿಗೂ ‘ಏಳು ಸೆಕೆಂಡು ಚೀಟಿ ತೋರಿಸುವ ಪೆಟ್ಟಿಗೆ’ ಅಂದರೆ ತಿಳಿಯುತ್ತದೆ. ಚೀಟಿಯಲ್ಲಿ ಬೇರೆಯವರ ಗುರುತು ಬಂತು ಅಂತ ದೂರಿದಾಗ ಬರೆಸಿಕೊಂಡು ಹಾಕಿಸುವ ‘ಟೆಸ್ಟ್ ವೋಟ್’ಗೆ ‘ಪರೀಕ್ಷಾ ಮತ’ ಸಾಕು. ನಾವು ಸಿಕ್ಕಿಬಿದ್ದಿರುವುದು ಎರಡು ಕಡೆ: ಟೆಂಡರ್ ವೋಟ್ ಮತ್ತು ಚಾಲೆಂಜ್ ವೋಟ್.

ಮೊದಲು ಅರ್ಥ ಹೇಳಿಬಿಡುತ್ತೇನೆ. ನೀವು ಮತಗಟ್ಟೆಗೆ ಹೋಗುವಷ್ಟರಲ್ಲಿ ನಿಮ್ಮ ಹೆಸರಲ್ಲಿ ಬೇರೆ ಯಾರೋ ವೋಟು ಹಾಕಿ ಹೋಗಿದ್ದಾರೆ ಅಂತಿಟ್ಟುಕೊಳ್ಳಿ. ನಮ್ಮ ಕಡೆ ಇದಕ್ಕೆ ‘ಕಳ್ಳ ವೋಟು’ ಅನ್ನುತ್ತಾರೆ. ಆಗ ನೀವು ಸುಮ್ನೆ ಮನೆಗೆ ವಾಪಸ್ ಬರಬೇಕಾಗಿಲ್ಲ. 1961ರ ಚುನಾವಣಾ ನಡಾವಳಿ ನಿಯಮಗಳಲ್ಲಿ 49ಪಿ ಅಂತ ಒಂದಿದೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ನೀವು ನೀವೇ ಅಂತ ಖಾತ್ರಿ ಆದರೆ 17ಬಿ ನಮೂನೆಯಲ್ಲಿ ಸಹಿ ಹಾಕಿಸಿಕೊಂಡು ಒಂದು ಕಾಗದದ ಮತಪತ್ರ ಕೊಡುತ್ತಾರೆ. ಅದರಲ್ಲಿ ಗುರುತು ಒತ್ತಿ, ಮಡಚಿ, ಅವರ ಕೈಗೇ ಕೊಡಬೇಕು. ಅದು ಬೇರೆ ಲಕೋಟೆಗೆ ಹೋಗುತ್ತದೆ. ಯಂತ್ರದ ಗುಂಡಿ ಒತ್ತಲು ಬಿಡುವುದಿಲ್ಲ. ಇದು ಟೆಂಡರ್ ವೋಟ್.

ಚಾಲೆಂಜ್ ವೋಟ್ ಇದಕ್ಕೆ ಉಲ್ಟಾ. ‘ಈ ಮನುಷ್ಯ ಆ ಹೆಸರಿನವನಲ್ಲ’ ಅಂತ ಪಕ್ಷದ ಏಜೆಂಟ್ ಎದ್ದು ಹೇಳುವುದು ಅದು. ಏಜೆಂಟ್ ಎರಡು ರೂಪಾಯಿ ಕಟ್ಟಬೇಕು, ಅಧಿಕಾರಿ ಅಲ್ಲೇ ವಿಚಾರಣೆ ಮಾಡಬೇಕು. ಆರೋಪ ನಿಜವಾದರೆ ಆ ವ್ಯಕ್ತಿ ಪೊಲೀಸರ ಕೈಗೆ. ಸುಳ್ಳಾದರೆ ಏಜೆಂಟನ ಎರಡು ರೂಪಾಯಿ ಹೋಯಿತು, ಮತದಾರ ಎಲ್ಲರಂತೆ ಯಂತ್ರದಲ್ಲೇ ಮತ ಹಾಕುತ್ತಾನೆ. ಇದು 49ಜೆ.

ಇವೆರಡನ್ನೂ ಕಲಸಿ ಹಾಕಿದ್ದು ಪ್ರತಿ ಚುನಾವಣೆ ಹೊತ್ತಿಗೂ ವಾಟ್ಸಾಪ್‌ನಲ್ಲಿ ಬರುವ ಆ ಸಂದೇಶ. ನೀವೂ ನೋಡಿರುತ್ತೀರಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ 49ಎ ಪ್ರಕಾರ ‘ಚಾಲೆಂಜ್ ವೋಟ್’ ಕೇಳಿ, ಶೇ. 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ ಬಿದ್ದರೆ ಮರುಮತದಾನ ಆಗುತ್ತದೆ ಅಂತೆಲ್ಲ ಇರುತ್ತದೆ. ಎರಡೂ ಸುಳ್ಳು. 49ಎ ಹೇಳುವುದು ಮತಯಂತ್ರ ಹೇಗಿರಬೇಕು ಅಂತ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಕೈಯಲ್ಲಿ ಆಧಾರ್ ಇರಲಿ, ಚುನಾವಣಾ ಗುರುತಿನ ಚೀಟಿಯೇ ಇರಲಿ, ಮತ ಇಲ್ಲ. ಇದನ್ನು ನಂಬಿ ಬಿಸಿಲಲ್ಲಿ ಸಾಲು ನಿಂತು ಬರಿಗೈಯಲ್ಲಿ ಹೋಗುವವರನ್ನು ನೆನೆದರೆ ಸಂಕಟ ಆಗುತ್ತದೆ. ಕನ್ನಡದಲ್ಲಿ ಸ್ಪಷ್ಟ ಹೆಸರು ಇದ್ದಿದ್ದರೆ ಈ ಸಂದೇಶ ಇಷ್ಟು ಸಲೀಸಾಗಿ ಓಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಈಗ ಪದಗಳಿಗೆ ಬರೋಣ. ‘ಟೆಂಡರ್’ ಅಂದರೆ ನಮ್ಮಲ್ಲಿ ಗುತ್ತಿಗೆ. ರಸ್ತೆ ಟೆಂಡರ್, ಬಂದರಿನ ಹೂಳೆತ್ತುವ ಟೆಂಡರ್. ‘ಟೆಂಡರ್ ವೋಟ್’ ಅಂದ ಕೂಡಲೇ ‘ದುಡ್ಡು ಕಟ್ಟಬೇಕಾ?’ ಅಂತಲೇ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಆ ಮಾತಿಗೆ ಮುಂದೊಡ್ಡು, ನೀಡು ಅನ್ನುವ ಅರ್ಥ ಇದೆ. ಹಾಗಂತ ‘ಒಡ್ಡಿದ ಮತ’ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ.

‘ಬದಲಿ ಮತ’ ಅನ್ನೋಣ ಅಂತ ಒಬ್ಬರು ಹೇಳಿದರು. ಆದರೆ ಅದು ಬೇರೆಯದಕ್ಕೆ ಬೇಕು. ಸೇನೆಯಲ್ಲಿರುವವರು ತಮ್ಮ ಪರವಾಗಿ ಮತ ಹಾಕಲು ಊರಿನವರೊಬ್ಬರನ್ನು ನೇಮಿಸಬಹುದು. ಹಾಗೆ ಬಂದವರಿಗೆ ಶಾಯಿ ಹಾಕುವುದೂ ಎಡಗೈಯ ನಡುಬೆರಳಿಗೆ. ಸೇನೆಗೆ ಹೋದ ಮಕ್ಕಳಿರುವ ಮನೆಗಳು ಇಲ್ಲಿವೆ. ಅವರಿಗೆ ‘ಬದಲಿ’ ಅಂದರೆ ಆ ಅರ್ಥವೇ ಬರುತ್ತದೆ.

ಚಾಲೆಂಜ್ ವೋಟ್‌ಗೆ ನನಗೆ ಮೊದಲು ಹಿಡಿಸಿದ್ದು ‘ತಕರಾರು ಮತ’. ತಹಸೀಲ್ದಾರ್ ಕಚೇರಿಗೆ ಹೋಗಿ ಬಂದವರಿಗೆಲ್ಲ ‘ತಕರಾರು ಅರ್ಜಿ’ ಗೊತ್ತು. ಆದರೆ ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ ಆಡುವವರು ಜಾಸ್ತಿ. ಕೊಂಕಣಿಯ ‘ತಕ್ರಾರ’ ಅಂದರೆ ದೂರು. ಹಾಗಾಗಿ ‘ತಕರಾರು ಮತ’ ಅಂದರೆ ‘ನನ್ನ ಮತ ಕದ್ದಿದ್ದಾರೆ ಅಂತ ನಾನು ದೂರಿ ಹಾಕುವ ಮತ’ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ಮತ್ತೆ ಎರಡೂ ಕಲಸಿಹೋಯಿತು! ಇದಕ್ಕೆ ‘ಏಜೆಂಟರ ಆಕ್ಷೇಪ’ ಅಂತ ಮಾತ್ರ ಬರೆದು, ‘ಮತ’ ಅನ್ನುವ ಪದವನ್ನೇ ಬಿಡುವುದು ಒಳ್ಳೆಯದು. ಮತದಾರ ಕೇಳಿ ಪಡೆಯುವ ವಸ್ತು ಅದಲ್ಲವಲ್ಲ.

ಟೆಂಡರ್ ವೋಟ್‌ಗೆ ನನ್ನ ಮನಸ್ಸು ‘ಲಕೋಟೆ ಮತ’ದ ಕಡೆಗಿದೆ. ಅದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಹೆಸರೇ ಹೇಳುತ್ತದೆ. ಅಂಚೆ ಮತವೂ ಲಕೋಟೆಯಲ್ಲೇ ಹೋಗುತ್ತದಲ್ಲ ಅನ್ನುವ ಆಕ್ಷೇಪ ಬರಬಹುದು. ಅದಕ್ಕೆ ‘ಅಂಚೆ’ ಅನ್ನುವ ಗುರುತು ಆಗಲೇ ಇದೆ. ‘ಕಾದಿಟ್ಟ ಮತ’ ಅನ್ನುವುದು ಕೇಳಲು ಚೆಂದ, ಆದರೆ ನಾನು ಒಪ್ಪುವುದಿಲ್ಲ. ಎಣಿಕೆಯ ದಿನ ಆ ಲಕೋಟೆಯನ್ನು ತೆರೆಯುವುದೇ ಇಲ್ಲ. ಸೋತವರೋ ಮತದಾರರೋ 45 ದಿನದೊಳಗೆ ಹೈಕೋರ್ಟಿಗೆ ಹೋಗಿ, ನ್ಯಾಯಾಲಯ ನೋಡಬೇಕು ಅಂದಾಗ ಮಾತ್ರ ಅದಕ್ಕೆ ಜೀವ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಮತದಿಂದ. ಅಷ್ಟು ಕಡಿಮೆ ಅಂತರ ಇದ್ದ ಕಡೆ ಒಂದೊಂದು ಲಕೋಟೆಯೂ ಮುಖ್ಯ. ಉಳಿದ ಕಡೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ಮುಚ್ಚಿಡಬಾರದು. ಆದರೂ ಆ ಸಹಿ, ಆ ಲಕೋಟೆ ಇಲ್ಲದಿದ್ದರೆ ಕಳ್ಳ ವೋಟು ಆಯಿತು ಅನ್ನುವುದಕ್ಕೆ ಮತಗಟ್ಟೆಯ ದಾಖಲೆಯಲ್ಲಿ ಗುರುತೇ ಉಳಿಯುವುದಿಲ್ಲ, ಅಲ್ವಾ? ಗೋವಾಕ್ಕೋ ಮುಂಬೈಗೋ ದುಡಿಯಲು ಹೋದವರ ಹೆಸರು ಪಟ್ಟಿಯಲ್ಲಿ ಹಾಗೇ ಇರುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ನನ್ನ ಕೇಳಿಕೆ ಇಷ್ಟು. ಶಿರಸಿ, ಸಿದ್ದಾಪುರ, ಹೊನ್ನಾವರ, ಭಟ್ಕಳದ ಕಡೆ ಚುನಾವಣಾ ಡ್ಯೂಟಿ ಮಾಡಿದ ಮೇಷ್ಟ್ರುಗಳು, ಅಕ್ಕೋರುಗಳು ಈ ಬಳಗದಲ್ಲಿದ್ದೀರಿ. ಆ ಲಕೋಟೆಗೆ ನೀವು ನೀವೇ ಮಾತಾಡಿಕೊಳ್ಳುವಾಗ ಏನಂತ ಕರೆಯುತ್ತಿದ್ದಿರಿ? ಕಾಗದದ ಮತಪತ್ರದ ಕಾಲದಲ್ಲಿ ಕೆಲಸ ಮಾಡಿದ ಹಿರಿಯರು ಬೇರೆ ಪದ ಬಳಸುತ್ತಿದ್ದರಾ? ಹವ್ಯಕರ ಮಾತಲ್ಲಿ, ಹಾಲಕ್ಕಿ ಒಕ್ಕಲಿಗರ ಮಾತಲ್ಲಿ ‘ನನ್ನ ವೋಟು ಬೇರೆಯವರು ಹಾಕಿಬಿಟ್ಟರು’ ಅನ್ನುವುದಕ್ಕೆ ಒಂದೇ ಪದ ಇದ್ದರೆ ಅದನ್ನೂ ಬರೆಯಿರಿ. ‘ಲಕೋಟೆ ಮತ’ ಕೇಳಿದ ಕೂಡಲೇ ನಿಮ್ಮ ಮನೆಯವರಿಗೆ ಏನು ಅರ್ಥವಾಯಿತು ಅನ್ನುವುದನ್ನು, ವಿವರಿಸುವ ಮೊದಲೇ ಕೇಳಿ ತಿಳಿಸಿದರೆ ಇನ್ನೂ ಒಳ್ಳೆಯದು.