ಮೈಬಲವೂ ಕೈಚಳಕವೂ ಇರುವ ಫಾರ್ವರ್ಡ್‌ಗೆ ಇನ್ನೂ ಬೆಲೆ ಇದೆಯೇ?

ಕೆಂಪುಗೆರೆ: ಐಸ್ ಹಾಕಿಯಲ್ಲಿ ಇನ್ನು ವೇಗವೊಂದೇ ಸಾಕು ಎನ್ನುವವರು 2024 ಮತ್ತು 2025ರ ಸ್ಟಾನ್ಲಿ ಕಪ್ (ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ಚಾಂಪಿಯನ್ ಟ್ರೋಫಿ) ಫ್ಲೋರಿಡಾಗೆ ಹೋದದ್ದನ್ನು ನೋಡಲಿಲ್ಲವೇ? ಆ ತಂಡದ ಮ್ಯಾಥ್ಯೂ ಕಚಕ್ ಗೋಲ್‌ಕೀಪರ್‌ನ ಮೂಗಿನ ಮುಂದೆಯೇ ನಿಲ್ಲುತ್ತಾನೆ. ಬೆನ್ನಿಗೆ ಎದುರಾಳಿಯ ಕೋಲಿನ ಏಟು ಬೀಳುತ್ತಲೇ ಇರುತ್ತದೆ. ಆತ ಅಲುಗಾಡದೆ, ದೂರದಿಂದ ಬಂದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತನ್ನ ಕೋಲಿನ ಅಂಚಿಗೆ ತಾಗಿಸಿ ದಿಕ್ಕು ತಪ್ಪಿಸುತ್ತಾನೆ. ಬಾಸ್ಟನ್‌ನ ಕ್ಯಾಮ್ ನೀಲಿ ಹಾಕಿಕೊಟ್ಟ ದಾರಿ ಇದು. ಕಾಲು ಕೆಟ್ಟಿದ್ದರೂ 1993–94ರಲ್ಲಿ 44 ಪಂದ್ಯಗಳಲ್ಲಿ 50 ಗೋಲು!

ಲೆಕ್ಕಿಗ: 44 ಪಂದ್ಯಗಳ ಆ ಸಾಧನೆ ಅಧಿಕೃತವಲ್ಲ. ಎನ್‌ಎಚ್‌ಎಲ್ ಎಣಿಸುವುದು ಆಟಗಾರ ಆಡಿದ ಪಂದ್ಯಗಳನ್ನಲ್ಲ, ತಂಡದ ಮೊದಲ 50 ಪಂದ್ಯಗಳನ್ನು. ಎಡ್ಮಂಟನ್‌ನ ಗ್ರೆಟ್ಸ್ಕಿ 1981–82ರಲ್ಲಿ 39 ಪಂದ್ಯಗಳಲ್ಲೇ 50 ಮುಟ್ಟಿದ, ಅದೂ ಯಾರಿಗೂ ಡಿಕ್ಕಿ ಹೊಡೆಯದೆ.

ಕೆಂಪುಗೆರೆ: ಡಿಕ್ಕಿ ಹೊಡೆಯದೆ! ಹೊಡೆಯಲು ತಂಡದ ಜೊತೆಗಾರ ಸೆಮೆಂಕೊ ಇದ್ದನಲ್ಲ ಸ್ವಾಮಿ. ಅದೇ ತಂಡದಲ್ಲಿ, ಅದೇ ವರ್ಷ, ಎಲ್ಲರೂ ಹೆದರುತ್ತಿದ್ದ ಮೆಸಿಯೆ ಕೂಡ 50 ಗೋಲು ಹೊಡೆದ.

ಲೆಕ್ಕಿಗ: ಸೆಮೆಂಕೊ ಅಂಗರಕ್ಷಕ, ಗೋಲು ಹೊಡೆಯುವವನಲ್ಲ. ನಿಮ್ಮ ಉದಾಹರಣೆ ನಿಮಗೇ ತಿರುಗಿತು. ನೀಲಿ ಆಡದ ಪಂದ್ಯಗಳ ಲೆಕ್ಕ ಎಲ್ಲಿ?

ಹಿಮಪಾದ: ಆಡದೇ ಇದ್ದದ್ದು ಏಕೆಂದು ಯಾರೂ ಕೇಳುತ್ತಿಲ್ಲ. 1991ರ ಪ್ಲೇಆಫ್‌ನಲ್ಲಿ ಉಲ್ಫ್ ಸ್ಯಾಮ್ಯುಯೆಲ್ಸನ್ ಗುದ್ದಿದ ಮೇಲೆ ನೀಲಿಯ ತೊಡೆಯ ಸ್ನಾಯು ಮೂಳೆಯಂತೆ ಗಟ್ಟಿಕಟ್ಟಿತು. 31ನೇ ವಯಸ್ಸಿಗೆ ನಿವೃತ್ತಿ. ಇಂಥದ್ದೇ ಇನ್ನೊಬ್ಬ ಫಾರ್ವರ್ಡ್ ಲಿಂಡ್ರೋಸ್‌ನ ತಲೆಗೆ 2000ದಲ್ಲಿ ಸ್ಕಾಟ್ ಸ್ಟೀವನ್ಸ್‌ನ ಭುಜ ಬಡಿಯಿತು. ಈ ಬಗೆಯ ಆಟ ಆಡುವವನನ್ನೇ ತಿನ್ನುತ್ತದೆ.

ಕೆಂಪುಗೆರೆ: ಗುದ್ದಿದವನು ಡಿಫೆನ್ಸ್‌ನವನು, ತಪ್ಪು ಫಾರ್ವರ್ಡ್‌ನದೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಸ್ಕೇಟ್ ಸುಬ್ಬಣ್ಣ: ತಿನ್ನುತ್ತದಂತೆ. ಗೋರ್ಡಿ ಹೋವ್‌ನನ್ನು ಏಕೆ ತಿನ್ನಲಿಲ್ಲ? ಆತನ ಮೊಣಕೈಗೆ ಹೆದರದವರಿರಲಿಲ್ಲ. ಆದರೂ 801 ಗೋಲು, 52ನೇ ವಯಸ್ಸಿನವರೆಗೆ ಆಟ. ಶಾನಹನ್‌ಗೆ 656 ಗೋಲು, ಜೊತೆಗೆ, ತಪ್ಪಿಗೆ ಹೊರಗೆ ಕೂರಿಸುವ ಪೆನಾಲ್ಟಿ ನಿಮಿಷ 2,489.

ಹಿಮಪಾದ: ಪೆನಾಲ್ಟಿ ನಿಮಿಷವೂ ಹೆಮ್ಮೆಯ ವಿಷಯವಾಯಿತೇ? ಅಷ್ಟು ಹೊತ್ತು ತಂಡಕ್ಕೆ ಒಬ್ಬ ಆಳು ಕಡಿಮೆ.

ಸ್ಕೇಟ್ ಸುಬ್ಬಣ್ಣ: ಇಬ್ಬರೂ ಹೊಡೆದಾಡಿ ಐದೈದು ನಿಮಿಷ ಹೊರಗೆ ಕುಳಿತರೆ ಎರಡೂ ಕಡೆ ಎಂದಿನಂತೆ ಗೋಲ್‌ಕೀಪರ್ ಬಿಟ್ಟು ಐವರೇ ಆಡುತ್ತಾರೆ. ಮೊದಲು ನಿಯಮ ಓದಿಕೊಂಡು ಬನ್ನಿ.

ಹಿಮಪಾದ: ನಿಯಮ ನನಗೆ ಕಲಿಸಬೇಡಿ. 2010ರಲ್ಲಿ ತಲೆಗೆ ಗುರಿಯಿಟ್ಟ ಗುದ್ದನ್ನು ನಿಷೇಧಿಸಬೇಕಾಗಿ ಬಂದದ್ದು ನಿಮ್ಮಂಥ ಅಭಿಮಾನಿಗಳು ಚಪ್ಪಾಳೆ ತಟ್ಟಿದ್ದರಿಂದಲೇ.

ಸ್ಕೇಟ್ ಸುಬ್ಬಣ್ಣ: ನನ್ನ ಚಪ್ಪಾಳೆ ನ್ಯೂಯಾರ್ಕ್‌ನ ಲೀಗ್ ಕಚೇರಿಗೆ ಕೇಳಿಸಿತೇ? ಸಂತೋಷ.

ಲೆಕ್ಕಿಗ: ನೀಲಿಯ 44 ಪಂದ್ಯಗಳ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಕೆಂಪುಗೆರೆ: ನಿಮ್ಮ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆಯನ್ನು 2025ರ ಏಪ್ರಿಲ್‌ನಲ್ಲಿ ಮುರಿದವನು ಯಾರು? ಸಿಕ್ಕಸಿಕ್ಕವರನ್ನು ಗೋಡೆಗೆ ಒತ್ತುವ ಒವೆಚ್ಕಿನ್. ಇದಾದರೂ ಅಧಿಕೃತವೋ?

ಲೆಕ್ಕಿಗ: ಅಧಿಕೃತ. ಆದರೆ ಒವೆಚ್ಕಿನ್‌ನ ಆಯಕಟ್ಟಿನ ಜಾಗ ಎಡಗಡೆಯ ವೃತ್ತ, ಗೋಲಿನಿಂದ ದೂರ. ಗೋಲ್‌ಕೀಪರ್‌ನ ಮೂಗಿನ ಮುಂದೆ ನಿಲ್ಲುವವನ ಬಗ್ಗೆಯಲ್ಲವೇ ನೀವು ಶುರುಮಾಡಿದ್ದು?

ಕೆಂಪುಗೆರೆ: ಮೂಗನ್ನೇ ಹಿಡಿದುಕೊಂಡಿರಿ.