ಕ್ಯಾಂಪಸ್ ಭೂಬಳಕೆ ನಕ್ಷೆ: ಮುರಕಲ್ಲಿನ ಪಾರೆ ಪೂರ್ತಿ ‘ಕಟ್ಟಡ’ ಅಂತ ಬರುತ್ತಿದೆ, ಏನು ಮಾಡಲಿ?

ಮುಳ್ಳೇರಿಯಾ_ಮ್ಯಾಪ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಭೂಬಳಕೆ ನಕ್ಷೆ ಮಾಡುತ್ತಿದ್ದೇನೆ. ಎಂ.ಎಸ್ಸಿ. ಪ್ರಾಜೆಕ್ಟ್ ಇದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಎರಡು ಚಿತ್ರ ಇಟ್ಟುಕೊಂಡಿದ್ದೇನೆ. ಒಂದು 2019ರ ಫೆಬ್ರವರಿಯದು, ಇನ್ನೊಂದು 2023ರ ಫೆಬ್ರವರಿಯದು. ಎರಡೂ ಲೆವೆಲ್-2ಎ (ವಾತಾವರಣದ ಪರಿಣಾಮ ತೆಗೆದದ್ದು), ಮೋಡ ಇಲ್ಲ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ರ‍್ಯಾಂಡಮ್ ಫಾರೆಸ್ಟ್ (ಕೊಟ್ಟ ಸ್ಯಾಂಪಲ್ಲುಗಳಿಂದ ಕಲಿತು ಪಿಕ್ಸೆಲ್ಲುಗಳನ್ನು ವಿಂಗಡಿಸುವ ವಿಧಾನ) ಹಾಕಿ ಕಟ್ಟಡ, ರಸ್ತೆ, ಮರಗಿಡ, ಹುಲ್ಲು, ಬರಿ ನೆಲ ಎಂದು ಐದು ವರ್ಗ ಮಾಡಿದೆ.

ತೊಂದರೆ ಎರಡು. ಗುಡ್ಡದ ಮೇಲಿನ ಮುರಕಲ್ಲಿನ ಪಾರೆ (ಜಂಬಿಟ್ಟಿಗೆ ಕಲ್ಲಿನ ಬಯಲು ಬಂಡೆ) ಮುಕ್ಕಾಲು ಪಾಲು ‘ಕಟ್ಟಡ’ಕ್ಕೆ ಸೇರುತ್ತಿದೆ. ಎನ್‌ಡಿಬಿಐ (ಕಟ್ಟಡ ಗುರುತಿಸುವ ಸೂಚ್ಯಂಕ) ಸೇರಿಸಿದರೂ ಅಷ್ಟೇ. ಇನ್ನೊಂದು, 2023ರಲ್ಲಿ ಎನ್‌ಡಿವಿಐ (ಹಸಿರಿನ ಸೂಚ್ಯಂಕ) ಎಲ್ಲ ಕಡೆ ಇಳಿದಿದೆ. ಒಂದು ಮರವನ್ನೂ ಕಡಿಯದ ಗೇರು ತೋಟದಲ್ಲೂ ಇಳಿದಿದೆ! ಗೈಡ್‌ಗೆ ತೋರಿಸುವ ಮೊದಲು ಸರಿ ಮಾಡಬೇಕು. ದಯವಿಟ್ಟು ಹೇಳಿ.

ಗಡಿನಾಡ_ನಕ್ಷೆ

ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸೋಣ.

2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರ ತಯಾರಿಸುವ ಕ್ರಮ ಬದಲಾಗಿದೆ. ಹೊಸ ಕ್ರಮದ ಫೈಲುಗಳಲ್ಲಿ ಪಿಕ್ಸೆಲ್ಲಿನ ಸಂಖ್ಯೆಗೆ 1000 ಸೇರಿರುತ್ತದೆ. ಅದನ್ನು ಕಳೆಯದೆ ಎನ್‌ಡಿವಿಐ ತೆಗೆದರೆ ಹಸಿರು ಕಡಿಮೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಮರದ ಮೇಲೆ ಬಿ8 (ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕಿನ ಬ್ಯಾಂಡ್) 3000, ಬಿ4 (ಕೆಂಪು ಬೆಳಕಿನ ಬ್ಯಾಂಡ್) 500 ಇದೆ ಅಂದುಕೊಳ್ಳಿ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ 0.71 ಬರುತ್ತದೆ. ಎರಡಕ್ಕೂ 1000 ಸೇರಿದರೆ 4000 ಮತ್ತು 1500. ಆಗ 0.45. ಮರ ಅಲ್ಲೇ ಇದೆ, ಒಂದೆಲೆಯೂ ಉದುರಿಲ್ಲ.

ತಾರೀಕು ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಹಳೆಯ ಚಿತ್ರಗಳನ್ನೂ ಹೊಸ ಕ್ರಮದಲ್ಲಿ ಮತ್ತೆ ತಯಾರಿಸಿ ಹಾಕಿದ್ದಾರೆ. ಫೈಲಿನ ಹೆಸರಿನಲ್ಲಿ ‘ಎನ್’ ಅಕ್ಷರದ ಮುಂದೆ ನಾಲ್ಕು ಅಂಕಿ ಇರುತ್ತದೆ. ಅದು 0400 ಅಥವಾ ಅದಕ್ಕಿಂತ ದೊಡ್ಡದಾದರೆ ಪ್ರತಿ ಬ್ಯಾಂಡಿನಿಂದ 1000 ಕಳೆಯಿರಿ, ಆಮೇಲೆ 10000ದಿಂದ ಭಾಗಿಸಿ. ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ ಆಗುತ್ತದೆ. ಗೂಗಲ್ ಅರ್ಥ್ ಎಂಜಿನ್ ಬಳಸುವವರಾದರೆ ‘ಹಾರ್ಮೊನೈಸ್ಡ್’ ಅಂತ ಇರುವ ಸಂಗ್ರಹ ತೆಗೆದುಕೊಂಡರೆ ಸಾಕು.

ಈಗ ಪಾರೆ. ಇದು ನಮ್ಮ ಊರಿನದೇ ತೊಂದರೆ, ಪುಸ್ತಕದ ಉದಾಹರಣೆಗಳಲ್ಲಿ ಸಿಗುವುದಿಲ್ಲ. ಎನ್‌ಡಿಬಿಐ ನಿಂತಿರುವುದು ಬಿ11 (ಕಿರುತರಂಗ ಅವಕೆಂಪು ಬೆಳಕಿನ ಬ್ಯಾಂಡ್) ಮತ್ತು ಬಿ8ರ ವ್ಯತ್ಯಾಸದ ಮೇಲೆ. ಕಾಂಕ್ರೀಟಿನಲ್ಲಿ ಬಿ11 ಜಾಸ್ತಿ. ಒಣಗಿದ ಬರಿ ನೆಲದಲ್ಲೂ ಜಾಸ್ತಿ. ಮುರಕಲ್ಲಿನಲ್ಲಿರುವ ಕಬ್ಬಿಣ ಬಿ8ರ ಸುತ್ತಿನ ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಅದರ ಮೇಲೆ ನೀವು ತೆಗೆದದ್ದು ಫೆಬ್ರವರಿ ಚಿತ್ರ. ಆ ಹೊತ್ತಿಗೆ ಮುಳಿಹುಲ್ಲು ಪೂರ್ತಿ ಒಣಗಿರುತ್ತದೆ. ಆ ಒಂದೇ ಚಿತ್ರ ಹಿಡಿದುಕೊಂಡು ಎಷ್ಟು ಸ್ಯಾಂಪಲ್ ಕೊಟ್ಟರೂ ಪಾರೆ ಬೇರೆಯಾಗುವುದು ಕಷ್ಟ.

ಓಣಂ ಹೊತ್ತಿಗೆ ಅದೇ ಪಾರೆಗೆ ಹೋಗಿ ನೋಡಿದ್ದೀರಾ? ಕಲ್ಲಿನ ಗುಳಿಗಳಲ್ಲಿ ನೀರು ನಿಂತಿರುತ್ತದೆ, ಬಿರುಕು ಬಿರುಕಿನಲ್ಲೂ ಹುಲ್ಲು, ನಡುವೆ ಗೇಣುದ್ದವೂ ಇಲ್ಲದ ನೀಲಿ ಹೂವಿನ ಗಿಡಗಳು. ಕಾಂಕ್ರೀಟ್ ತಾರಸಿ ಹಾಗೆ ಬದಲಾಗುವುದಿಲ್ಲ ಅಲ್ವಾ? ಆ ಬದಲಾವಣೆಯನ್ನೇ ಹಿಡಿಯಿರಿ. ಓಣಂ ಸಮಯದ ಚಿತ್ರದಲ್ಲಿ ಮೋಡ ಬಿಡುವುದಿಲ್ಲ. ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಒಂದು ಶುಭ್ರ ದಿನ ಹುಡುಕಿ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಬರುತ್ತವೆ, ಒಂದಾದರೂ ಸಿಗುತ್ತದೆ. ನವೆಂಬರ್ ಮತ್ತು ಫೆಬ್ರವರಿ ಬ್ಯಾಂಡುಗಳನ್ನು ಒಟ್ಟಿಗೆ ಜೋಡಿಸಿ, ಎರಡರ ಎನ್‌ಡಿವಿಐ ವ್ಯತ್ಯಾಸವನ್ನೂ ಒಂದು ಪದರವಾಗಿ ಸೇರಿಸಿ, ಆಮೇಲೆ ಕ್ಲಾಸಿಫೈ ಮಾಡಿ. 2019ಕ್ಕೆ ಅದರ ಹಿಂದಿನ ನವೆಂಬರ್, 2023ಕ್ಕೆ ಅದರ ಹಿಂದಿನ ನವೆಂಬರ್.

ಪದವಿನ_ದಾರಿ

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಪಾರೆ ಅಂದರೆ ಎಲ್ಲ ಒಂದೇ ಬಣ್ಣ ಅಲ್ಲ ಮಾರಾಯ್ರೆ. ಹಳೆಯ ಪಾರೆಯ ಮೈ ಮಳೆಗೆ ಪಾಚಿ ಕಟ್ಟಿ ಕಟ್ಟಿ ಕಪ್ಪಾಗಿರುತ್ತದೆ. ಕಲ್ಲು ಕಡಿದ ಜಾಗ, ಜೆಸಿಬಿ ಹೋದ ಜಾಗ ಕಡುಕೆಂಪು. ಎರಡನ್ನೂ ‘ಬರಿ ನೆಲ’ ಎಂದು ಒಟ್ಟಿಗೆ ಸ್ಯಾಂಪಲ್ ಕೊಟ್ಟರೆ ಸರಿಯಾಗಿ ಬರುವುದಿಲ್ಲ. ‘ಕಪ್ಪು ಪಾರೆ’, ‘ಕೆಂಪು ನೆಲ’ ಎಂದು ಬೇರೆ ಬೇರೆ ಕಲಿಸಿ, ಕೊನೆಗೆ ನಕ್ಷೆಯಲ್ಲಿ ಒಂದು ಮಾಡಿಕೊಳ್ಳಿ. ಕಪ್ಪು ಪಾರೆ ಡಾಂಬರು ರಸ್ತೆಯ ಜೊತೆಗೂ ಕಲಸಿಹೋಗುತ್ತದೆ, ಅದನ್ನೂ ನೋಡಿಕೊಳ್ಳಿ.

ಸಾಧ್ಯವಾದರೆ ಫೋನಿನ ಜಿಪಿಎಸ್ ಹಿಡಿದು ಗುಡ್ಡೆ ಹತ್ತಿ. ಪಾರೆಯ ನಡುವೆ ನಿಂತು ಪಾಯಿಂಟ್ ತೆಗೆಯಿರಿ, ಅಂಚಿನಲ್ಲಿ ಬೇಡ. ಫೋನು ನಾಲ್ಕೈದು ಮೀಟರ್ ಅತ್ತಿತ್ತ ಆದರೂ ಪಕ್ಕದ ಪಿಕ್ಸೆಲ್ಲಿಗೆ ಹೋಗಬಾರದು.

ಮುಳ್ಳೇರಿಯಾ_ಮ್ಯಾಪ್

ತುಂಬಾ ಉಪಕಾರ ಆಯಿತು. ಫೈಲಿನ ಹೆಸರು ನೋಡಿದೆ, 2019ರದ್ದು 02ರಿಂದ ಶುರು, 2023ರದ್ದು 0509. 1000 ಕಳೆದ ಮೇಲೆ ಗೇರು ತೋಟ ಎರಡು ವರ್ಷದಲ್ಲೂ ಹೆಚ್ಚುಕಮ್ಮಿ ಒಂದೇ ಬಂತು. ನವೆಂಬರ್ ಚಿತ್ರ ಸೇರಿಸಿ, ಪಾರೆಯನ್ನು ಎರಡು ಮಾಡಿದ ಮೇಲೆ ಗುಡ್ಡದ ಮೇಲಿನ ‘ಕಟ್ಟಡ’ ಬಹುಪಾಲು ಹೋಯಿತು.

ಹೊಸದಾಗಿ ಸಮತಟ್ಟು ಮಾಡಿದ ಜಾಗ ಮಾತ್ರ ಇನ್ನೂ ಕಟ್ಟಡವಾಗಿಯೇ ಇದೆ. ಅಲ್ಲಿ ನವೆಂಬರ್‌ನಲ್ಲೂ ಹುಲ್ಲಿಲ್ಲ. ಸಣ್ಣ ಕಟ್ಟಡಗಳು ಒಂದೊಂದು ಕಡೆ ಕಾಣೆಯಾಗಿವೆ.

ಗಡಿನಾಡ_ನಕ್ಷೆ

ಸಮತಟ್ಟು ಮಾಡಿದ ಜಾಗಕ್ಕೆ ಬಿ4ನ್ನು ಬಿ2ರಿಂದ (ನೀಲಿ ಬೆಳಕಿನ ಬ್ಯಾಂಡ್) ಭಾಗಿಸಿ ಇನ್ನೊಂದು ಪದರ ಮಾಡಿ. ಕೆಂಪು ಮಣ್ಣಿನಲ್ಲಿ ಅದು ಎದ್ದು ಕಾಣುತ್ತದೆ, ಬೂದು ಕಾಂಕ್ರೀಟಿನಲ್ಲಿ ಕಡಿಮೆ. ಹಂಚಿನ ಮಾಡು ಇರುವ ಕಡೆ ಮಾತ್ರ ಇದನ್ನು ನಂಬಬೇಡಿ, ಹಂಚೂ ಕೆಂಪು.

ಸಣ್ಣ ಕಟ್ಟಡಕ್ಕೆ ಸೆಂಟಿನೆಲ್‌ನಲ್ಲಿ ಪರಿಹಾರ ಇಲ್ಲ. ಬಿ2, ಬಿ3, ಬಿ4, ಬಿ8 ಮಾತ್ರ 10 ಮೀಟರ್, ಬಿ11 ಇರುವುದೇ 20 ಮೀಟರಿನಲ್ಲಿ. ಹತ್ತು ಹನ್ನೆರಡು ಮೀಟರ್ ಅಗಲದ ಕಟ್ಟಡ ಪಕ್ಕದ ಮರ, ಮಣ್ಣಿನ ಜೊತೆ ಸೇರಿಯೇ ಬರುತ್ತದೆ. ಕ್ಯಾಂಪಸ್ ಸುಮಾರು 310 ಎಕರೆ, ಅಂದರೆ 10 ಮೀಟರಿನ ಹನ್ನೆರಡೂವರೆ ಸಾವಿರ ಪಿಕ್ಸೆಲ್ ಅಷ್ಟೇ. ಇಷ್ಟು ಸಣ್ಣ ಜಾಗದಲ್ಲಿ ಕಟ್ಟಡ, ರಸ್ತೆಗಳನ್ನು ಕೈಯಿಂದ ಬಿಡಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗೂಗಲ್ ಅರ್ಥ್ ಪ್ರೋದಲ್ಲಿ ಹಳೆಯ ಚಿತ್ರಗಳ ಸ್ಲೈಡರ್ ಇದೆ. ನಿಮ್ಮ ಎರಡು ವರ್ಷಗಳಿಗೆ ಹತ್ತಿರದ ದಿನ ಹುಡುಕಿ. ಚಿತ್ರದಿಂದ ಚಿತ್ರಕ್ಕೆ ಜಾಗ ಸ್ವಲ್ಪ ಸರಿದಿರುತ್ತದೆ, ಬದಲಾಗದ ಒಂದು ಕಟ್ಟಡದ ಮೂಲೆ ಇಟ್ಟುಕೊಂಡು ಹೊಂದಿಸಿ. ಮರಗಿಡ, ಹುಲ್ಲು, ಪಾರೆ ಇವು ಮೂರಕ್ಕೆ ಸೆಂಟಿನೆಲ್ ಸಾಕು.

ಎರಡೂ ವರ್ಷಕ್ಕೆ ಇದೇ ಕ್ರಮ ಇರಲಿ. ಒಂದು ವರ್ಷ ಕೈಯಿಂದ, ಇನ್ನೊಂದು ವರ್ಷ ಕ್ಲಾಸಿಫೈಯರ್‌ನಿಂದ ಮಾಡಿದರೆ ಕಟ್ಟಡ ಎಷ್ಟು ಹೆಚ್ಚಾಯಿತು ಎಂಬ ನಿಮ್ಮ ಲೆಕ್ಕ ನಿಲ್ಲುವುದಿಲ್ಲ. ಗುಡ್ಡೆಯಲ್ಲಿ ತೆಗೆದ ಪಾಯಿಂಟುಗಳಲ್ಲಿ ಅರ್ಧವನ್ನು ಟ್ರೇನಿಂಗ್‌ಗೆ ಮುಟ್ಟಬೇಡಿ, ಪರೀಕ್ಷೆಗೆ ಬೇಕು.